ಅಂಗಳದ ಹೊಳೆ

ಹೊಳೆಯೊಂದು ಬಳಸಿ ತಿರುಗುವ ಜಾಗದಲ್ಲಿ ಒಂದು ಮಠವಿತ್ತು. ಹೊಳೆಯ ಹೆಸರು ಬೇಡ, ಊರಿನ ಹೆಸರೂ ಬೇಡ. ತಿರುವು ಮಾತ್ರ ನೆನಪಿರಲಿ, ಕಥೆಯೆಲ್ಲ ಅದರದೇ.

ಮಠದ ಗುರುಗಳು ಮುಪ್ಪಯ್ಯಜ್ಜ. ಎಪ್ಪತ್ತು ದಾಟಿದವರು. ಹೆಚ್ಚು ಮಾತಿನವರಲ್ಲ. ಆಡಿದ ಒಂದು ಮಾತನ್ನು ಹನ್ನೆರಡು ಹಳ್ಳಿಯವರು ತಲೆಯ ಮೇಲಿಟ್ಟುಕೊಂಡು ನಡೆಯುತ್ತಿದ್ದರು.

ಶಿಷ್ಯರು ಏಳೆಂಟು ಮಂದಿ. ಅವರಲ್ಲೊಬ್ಬ ಅಡಿವೆಪ್ಪ. ಇಪ್ಪತ್ನಾಲ್ಕು ವರ್ಷದವನು, ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಅವನ ಕೈಯೆಂದರೆ ಕೈ. ಬೆರಳುದ್ದದ ಬಂಡಿ ಮಾಡಿದರೆ ಗಾಲಿ ತಿರುಗುತ್ತಿತ್ತು. ಅಂಗೈಯಗಲದ ಗಾಣ ಮಾಡಿದರೆ ನಾಲ್ಕು ಹನಿ ಎಣ್ಣೆ ಇಳಿಯುತ್ತಿತ್ತು. ನೋಡಿದವರು ಹೊಗಳುತ್ತಿದ್ದರು. ಹೊಗಳಿಕೆ ಅವನಿಗೆ ಬಲು ರುಚಿಸುತ್ತಿತ್ತು, ಅದನ್ನು ಮುಚ್ಚಿಡುವುದೇನು.

ಆ ಮಠದಲ್ಲಿ ಕಾಗದವಿಲ್ಲ, ಹಲಗೆಯಿಲ್ಲ. ಓದು ಬರಹವೆಲ್ಲ ಉಸುಕಿನ ಮೇಲೆ. ಬೆಳಗಾದರೆ ಶಿಷ್ಯರು ಹೊಳೆಯ ಉಸುಕು ತಂದು, ಜರಡಿ ಹಿಡಿದು, ಹಿಟ್ಟಿನಷ್ಟು ನಯ ಮಾಡಿ ಅಂಗಳದಲ್ಲಿ ಹರಡಬೇಕು. ದಪ್ಪ ಹರಳೊಂದು ಉಳಿದರೂ ಅಕ್ಷರ ಸೊಟ್ಟಗಾಗುತ್ತದೆ. ಹಾಗಾಗಿ ಉಸುಕು ಕಂಡಲ್ಲಿ ಅವರ ಕೈ ತಾನಾಗಿಯೇ ಜರಡಿಗೆ ಹೋಗುತ್ತಿತ್ತು.

ಒಂದು ಬೇಸಿಗೆಯ ಬೆಳಗ್ಗೆ ಕೆಳಗಿನ ಕುಂಬಾರ ಕೇರಿಯಿಂದ ಗುಂಡವ್ವ ಬಂದಳು. ಕೇರಿಗೆಲ್ಲ ಹಿರಿಯಳು. ಅವಳ ಹಿಂದೆ ಹತ್ತಾರು ಜನ ಬಂದು ಅಂಗಳದಾಚೆ ನಿಂತರು.

ಕೇರಿ ಇದ್ದದ್ದು ಹೊಳೆಯ ದಂಡೆಯ ಮೇಲೆ. ಈಗ ಉಳಿದದ್ದು ಮೂವತ್ತು ಮನೆ. ಹೊಳೆ ಎರಡು ವರ್ಷದ ಹಿಂದೆ ಕೇರಿಯ ಕೆಳತುದಿಯ ಬೇಲಿಯನ್ನು ತಿಂದಿತ್ತು. ಹೋದ ವರ್ಷ ಎರಡು ಮನೆ ಮತ್ತು ಗಡಿಗೆ ಸುಡುವ ಆವಿಗೆಯಲ್ಲಿ ಅರ್ಧವನ್ನು ತಿಂದಿತು. ಆ ಎರಡು ಮನೆಗಳಲ್ಲಿ ಒಂದು ಗುಂಡವ್ವನದು. ಈಗ ದಂಡೆಯ ಅಂಚಿಗೂ ಉಳಿದ ಮನೆಗಳಿಗೂ ನಡುವೆ ಏಳು ಹೆಜ್ಜೆ ನೆಲವಿತ್ತು, ಅಷ್ಟೆ. ಇನ್ನೊಂದು ಮಳೆಗಾಲ ಹಿಂದಿನಂತೆಯೇ ಆದರೆ ಕೇರಿ ಇರುವುದಿಲ್ಲ.

ಕೇರಿಯವರು ಕೈಕಟ್ಟಿ ಕೂತಿರಲಿಲ್ಲ. ಗುಡ್ಡದಿಂದ ಚಳಿಗಾಲವಿಡೀ ಕಲ್ಲು ಹೊತ್ತು ತಂದಿದ್ದರು. ಒಡ್ಡು ಹಾಕಬೇಕೆಂದು ಅವರ ಆಸೆ. ಒಡ್ಡು ಅಂದರೆ ದಂಡೆಯಿಂದ ನೀರಿನೊಳಕ್ಕೆ ಚಾಚುವ ಕಲ್ಲಿನ ತೋಳು. ಸರಿಯಾದ ಕಡೆ ಬಿದ್ದರೆ ಸೆಳವನ್ನು ದೂರ ತಳ್ಳುತ್ತದೆ. ತಪ್ಪಿದ ಕಡೆ ಬಿದ್ದರೆ ಸೆಳವನ್ನು ಮನೆಬಾಗಿಲಿಗೇ ಕರೆತರುತ್ತದೆ.

"ಕಲ್ಲು ಒಂದ ಒಡ್ಡಿಗೆ ಆಗೂವಷ್ಟು ಅದಾವ್ರಿ ಅಜ್ಜಾರ," ಅಂದಳು ಗುಂಡವ್ವ. "ಎಲ್ಲಿ ಹಾಕೂಣು ಹೇಳ್ರಿ. ಇನ್ನೊಮ್ಮೆ ಹೊರೂ ಶಕ್ತಿ ನಮಗಿಲ್ಲ."

ಅಜ್ಜ ಹೊಳೆಯ ಕಡೆ ನೋಡಿದರು. ಒಡೆದ ಆವಿಗೆಯ ಮುಂದೆ ಹಾಕಬೇಕೆಂದು ತಮಗೆ ಅನ್ನಿಸುತ್ತದೆ, ಹೊಳೆ ಕಡಿದದ್ದು ಅಲ್ಲೇ, ತಡೆಯಬೇಕಾದ್ದೂ ಅಲ್ಲೇ ಅಂದರು.

ಗುಂಡವ್ವ ಕೈಮುಗಿದು ಎದ್ದಳು. ಆಚೆ ನಿಂತವರು ಆಗಲೇ ಕೇರಿಯ ಕಡೆ ತಿರುಗಿದ್ದರು.

"ಕೂಡವ್ವಾ," ಅಂದರು ಅಜ್ಜ. "ಅನಸತೈತಿ ಅಂದೆ. ಗೊತ್ತೈತಿ ಅನ್ನಲಿಲ್ಲ."

ಆಮೇಲೆ ಅಡಿವೆಪ್ಪನನ್ನು ಕರೆದರು.

"ಹೊಳಿನ್ನ ಕೇಳಿದ್ರ ಹೇಳತೈತಿ. ಆದ್ರ ಅದು ಹೇಳಿ ಮುಗಸೂದ್ರಾಗ ಕೇರಿ ಉಳಿಯೂದಿಲ್ಲ. ನಾವು ಎಷ್ಟ ಸಲ ಕೇಳಿದ್ರೂ ಯಾರ ಮನೀನೂ ಬೀಳದಂಥಾ ಒಂದು ಹೊಳಿ ಈ ಅಂಗಳದಾಗ ಮಾಡ್ತೀಯೇನು?"

ಅಡಿವೆಪ್ಪನ ಎದೆ ಉಬ್ಬಿತು. "ಮಾಡ್ತೀನ್ರಿ ಅಜ್ಜಾರ," ಅಂದ. ಮುಂಗಾರು ತರುವ ಮಿರಗದ ಮಳೆಗೆ ಇನ್ನೂ ಎರಡು ತಿಂಗಳಿತ್ತು.

ಇಪ್ಪತ್ತು ದಿನ ಅವನಿಗೆ ಊಟದ ಮೇಲೆ ಗಮನವಿಲ್ಲ. ಅಂಗಳದ ಉದ್ದಕ್ಕೂ ಹೊಳೆ ಮಲಗಿತು. ತಿರುವು ಬಂತು, ದಂಡೆ ಬಂತು, ಮೇಲ್ಗಡೆಯ ಬೋಳು ದಿನ್ನೆ ಬಂತು. ಕೇರಿಯಲ್ಲಿ ಮೂವತ್ತು ಮನೆ, ಮನೆಗೊಂದು ಕಟ್ಟೆ, ಕಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಗಡಿಗೆಗಳು. ಕೇರಿಯ ಗುಡಿಗೆ ಒಂದು ಕೆಂಪು ಬಾವುಟ, ಗಾಳಿ ಬಂದರೆ ಅದು ಹಾರುತ್ತಿತ್ತು. ನೋಡಲು ಜನ ಬಂದರು. ಅಡಿವೆಪ್ಪ ಹಲ್ಲು ಬಿಡದಂತೆ ಬಿಗಿಹಿಡಿದು ನಿಲ್ಲಬೇಕಾಯಿತು.

ಒಡೆದ ಆವಿಗೆಯ ಮುಂದೆ ಪುಟ್ಟ ಕಲ್ಲುಗಳ ಒಡ್ಡು ಕಟ್ಟಿ, ಕೊಡದಿಂದ ನೀರು ಸುರಿದ. ನೀರು ತಿರುವಿನಲ್ಲಿ ಬಂದು, ಒಡ್ಡಿಗೆ ತಾಗಿ, ದೂರ ಸರಿದು ಹೋಯಿತು. ಕೇರಿ ಅಲ್ಲಾಡಲಿಲ್ಲ. ಅವನು ಓಡಿಹೋಗಿ ಅಜ್ಜನನ್ನು ಕರೆತಂದ. ಗುಂಡವ್ವನಿಗೂ ಹೇಳಿಕಳಿಸಿದ.

ಅಜ್ಜ ಸುತ್ತಲೂ ಒಂದು ಸಲ ನಡೆದರು.

"ಚಂದ ಐತಿ," ಅಂದರು. "ಹೋದ ವರ್ಷ ಏನಾತು ಅಂತ ಇದಕ್ಕ ಕೇಳಿದೇನು?"

"ಹೋದ ವರ್ಷದ್ದು ಎಲ್ಲಾರಿಗೂ ಗೊತ್ತೈತಲ್ರಿ."

"ಅದಕ್ಕ ಕೇಳು."

ಅಡಿವೆಪ್ಪ ಒಡ್ಡನ್ನು ತೆಗೆದ. ಹೋದ ವರ್ಷದ ಕೇರಿಯಂತೆ ದಂಡೆಯನ್ನು ಮುಂದಕ್ಕೆ ತಂದು, ಬಿದ್ದ ಎರಡು ಮನೆಗಳನ್ನೂ ಇಟ್ಟ. ಆವಿಗೆಯನ್ನು ಪೂರ್ತಿ ಮಾಡಿದ. ನೀರು ಸುರಿದ.

ಏನೂ ಆಗಲಿಲ್ಲ. ಮನೆಗಳು ನಿಂತೇ ಇದ್ದವು.

ಇನ್ನೊಂದು ಕೊಡ ಸುರಿದ. ಮತ್ತೊಂದು. ಸಗಣಿ ಸಾರಿಸಿ ನುಣ್ಣಗೆ ಮಾಡಿದ ದಂಡೆಯ ಮೇಲೆ ನೀರು ಜಾರಿಕೊಂಡು ಹೋಯಿತು.

ಗುಂಡವ್ವ ಬಾಗಿ ತನ್ನ ಮನೆಯನ್ನು ನೋಡಿದಳು. ಅದರ ಕಟ್ಟೆಯ ಮೇಲಿನ ಗಡಿಗೆಗಳನ್ನೂ ನೋಡಿದಳು.

"ನಿನ್ನ ಹೊಳಿ ಭಾಳ ಒಳ್ಳೇದೈತಿ ತಮ್ಮಾ," ಅಂದಳು. "ನಮ್ಮದು ಹಂಗಿಲ್ಲ."

ಅಡಿವೆಪ್ಪನ ಮುಖ ಇಷ್ಟೇ ಆಯಿತು. ಒಡ್ಡು ಇದ್ದರೂ ಬೀಳದ, ಇಲ್ಲದಿದ್ದರೂ ಬೀಳದ ಕೇರಿಯನ್ನು ಇಟ್ಟುಕೊಂಡು, ಒಡ್ಡಿನಿಂದ ಉಳಿಯಿತು ಎಂದು ಅವನು ಕುಣಿದಾಡಿದ್ದ.

ಸೋಲೊಪ್ಪುವ ಜಾತಿಯವನಲ್ಲ. ಎರಡು ದಿನ ಬಾಗಿಲು ಹಾಕಿಕೊಂಡು ಯೋಚಿಸಿದ. ಮೂರನೆಯ ದಿನ, ಹೋದ ವರ್ಷ ಕುಸಿದ ಜಾಗದಲ್ಲಿ ಮಾತ್ರ ದಂಡೆಯನ್ನು ಬಗೆದು ಒಣ ಉಸುಕು ತುಂಬಿದ. ಮೇಲೆ ಸಾರಿಸಿ ಮುಚ್ಚಿದ. ನೀರು ಬಿಟ್ಟ. ಎರಡು ಮನೆ, ಅರ್ಧ ಆವಿಗೆ, ಹೇಳಿ ಮಾಡಿಸಿದ ಹಾಗೆ ನೀರಿಗೆ ಬಿದ್ದವು.

ಅಜ್ಜನನ್ನು ಮತ್ತೆ ಕರೆದ. ಅಜ್ಜ ನೋಡಿದರು.

"ಅದರ ಹಿಂದಿನ ವರ್ಷದ್ದು ಕೇಳು," ಅಂದರು.

ಆ ವರ್ಷ ನೀರು ಕಡಿಮೆ ಬಂದಿತ್ತು, ಹೋದದ್ದು ಕೆಳತುದಿಯ ಬೇಲಿ. ಅಡಿವೆಪ್ಪ ನೀರು ಕಡಿಮೆ ಬಿಟ್ಟ. ಬೇಲಿ ನಿಂತೇ ಇತ್ತು. ಎರಡು ಮನೆ, ಅರ್ಧ ಆವಿಗೆ ಮತ್ತೆ ಬಿದ್ದವು.

"ಇದಕ್ಕ ನೀ ಉತ್ತರ ಬಾಯಿಪಾಠ ಮಾಡ್ಸೀದಿ," ಅಂದರು ಅಜ್ಜ.

ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಪುಟ್ಟ ಮನೆಗಳನ್ನು ಒಂದೊಂದಾಗಿ ಎತ್ತಿ ತಮ್ಮ ಮಡಿಲಿಗೆ ಹಾಕಿಕೊಂಡರು. ಗಡಿಗೆಗಳನ್ನು ತೆಗೆದರು. ಗುಡಿಯನ್ನೂ ತೆಗೆದರು. ಇಪ್ಪತ್ತು ದಿನದ ಕೆಲಸ. ಅಡಿವೆಪ್ಪನ ಕಣ್ಣಲ್ಲಿ ನೀರು ತುಂಬಿತು.

"ಬಾವುಟಾನೂ ಬಿಟ್ಟಿಲ್ಲ ನೀನು," ಅಂದರು ಅಜ್ಜ. "ದಂಡಿ ಹೊಟ್ಟ್ಯಾಗ ಏನೈತಿ ಅಂತ ನೋಡೀದೇನು?"

"ಇಲ್ರಿ."

"ಯಾರಿಗೆ ಗೊತ್ತು?"

ದಿನಾ ದಂಡೆಯನ್ನು ಅಗೆಯುವವರು ಯಾರೆಂದು ಅಡಿವೆಪ್ಪನಿಗೆ ತಿಳಿದೇ ಇತ್ತು. ಅವರ ಮುಂದೆಯೇ ಮುಖಭಂಗವಾಗಿದ್ದರಿಂದ ಅಲ್ಲಿಗೆ ಹೋಗುವುದು ಕಷ್ಟವಾಗಿತ್ತು. ಹೋದ.

ಗುಂಡವ್ವ ಅವನ ಕೈಗೆ ಗುದ್ದಲಿ ಕೊಟ್ಟು, ಮಣ್ಣು ತೆಗೆಯುವ ಕುಣಿಗೆ ಇಳಿಸಿದಳು. ಮೂರು ದಿನ ಅವನು ಕೇರಿಯವರ ಜೊತೆ ಮಣ್ಣು ಅಗೆದ. ಅಂಗೈಯಲ್ಲಿ ಬೊಬ್ಬೆ ಬಂದವು.

ಮೇಲೆ ಮೊಳಕಾಲುದ್ದ ಕಪ್ಪು ಎರೆಮಣ್ಣು, ಗಟ್ಟಿ, ಅಂಟು. ಅದರ ಕೆಳಗೆ ಗುದ್ದಲಿ ತಟ್ಟನೆ ಒಳಗೆ ಹೋಯಿತು. ಗರಸು. ಜೋಳದ ಕಾಳಿನಷ್ಟು ದಪ್ಪ ಹರಳು, ಒಂದಕ್ಕೊಂದು ಅಂಟದೆ ಬೊಗಸೆಯಿಂದ ಸುರಿದುಹೋಗುತ್ತಿತ್ತು. ಅದರ ಕೆಳಗೆ ಮತ್ತೆ ಬಿಳಿಮಣ್ಣು.

"ಇದು ನಿನ್ನ ಹೊಳ್ಯಾಗ ಎಲ್ಲೈತಿ?" ಗುಂಡವ್ವ ಬೊಗಸೆ ಗರಸನ್ನು ಅವನ ಮುಂದೆ ಹಿಡಿದಳು.

ಅಡಿವೆಪ್ಪ ಹರಳುಗಳನ್ನು ಬೆರಳಲ್ಲಿ ಉರುಳಿಸಿ ನೋಡಿದ. "ಜರಡಿ ಹಿಡದು ಚೆಲ್ಲೀನಿ ಯವ್ವಾ."

ಗುಂಡವ್ವ ನಕ್ಕಳು ನೋಡಿ, ಕುಣಿಯ ಗೋಡೆ ಹಿಡಿದುಕೊಂಡು ನಕ್ಕಳು. ಕೊನೆಗೆ ಅವನಿಗೂ ನಗು ಬಂತು. ಅಕ್ಷರ ದುಂಡಗಾಗಲಿ ಎಂದು ಮೂರು ವರ್ಷ ಎಸೆದ ಹರಳುಗಳಲ್ಲೇ ಹೊಳೆಯ ಗುಟ್ಟಿತ್ತು.

ಅವನು ಇನ್ನೊಂದು ಮಾತು ಕೇಳಿದ. ದಂಡೆ ಬೀಳುವುದು ನೀರು ಬಂದು ಬಡಿಯುವ ಹೊಡೆತಕ್ಕೋ ಎಂದು.

"ಅಲ್ಲ ತಮ್ಮಾ," ಅಂದಳು ಗುಂಡವ್ವ. ಈಗ ಅವಳು ನಗುತ್ತಿರಲಿಲ್ಲ. "ಹೊಳಿ ತುಂಬಿದಾಗ ಬೀಳೂದಿಲ್ಲ. ಇಳದ ಮ್ಯಾಲ, ಎಲ್ಲಾರೂ ಉಸ್ ಅಂತೀವಲ್ಲ, ಆವಾಗ ಬೀಳತೈತಿ. ನನ್ನ ಮನಿ ಹ್ವಾದದ್ದು ಬಿಸಲಾಗ. ತೊಯ್ದ ಜ್ವಾಳ ಒಣ ಹಾಕಾಕತ್ತಿದ್ದೆ."

ಅಡಿವೆಪ್ಪ ಆ ಮಾತನ್ನು ಎತ್ತಿಟ್ಟುಕೊಂಡ. ತನ್ನ ಅಂಗಳದ ಹೊಳೆಗೆ ಅವನು ನೀರು ಸುರಿದಿದ್ದನೇ ಹೊರತು, ಅದು ಇಳಿಯುವುದನ್ನು ಒಮ್ಮೆಯೂ ಕೂತು ನೋಡಿರಲಿಲ್ಲ.

ಮರುದಿನ ಹಳೆಯ ಹೊಳೆಯನ್ನು ಕೆಡವಿದ. ಹೊಸದು ಕಟ್ಟುವ ಮೊದಲು ಹರಗೋಲಿನಲ್ಲಿ ಹೋಗಿ ಬಿದಿರಿನ ಗಳ ಇಳಿಸಿ ಆಳ ನೋಡಿದ, ಹಗ್ಗ ಹಿಡಿದು ಅಗಲ ನೋಡಿದ. ಎರಡೂ ದಂಡೆಗಳನ್ನು ಹೆಜ್ಜೆ ಹೆಜ್ಜೆಗೂ ಕೆದಕಿ ನೋಡಿದ. ಹೊಸ ಹೊಳೆ ನೋಡಲು ಚಂದವಿರಲಿಲ್ಲ. ಮನೆಯಿಲ್ಲ, ಗುಡಿಯಿಲ್ಲ. ಕೇರಿಯ ಜಾಗದಲ್ಲಿ ಒಂದು ಕಡ್ಡಿ ಚುಚ್ಚಿದ್ದ. ಗುಂಡವ್ವ ಅವನಿಗಾಗಿ ದೊಡ್ಡದೊಂದು ನೀರಿನ ಹರವಿ ಮಾಡಿಕೊಟ್ಟಳು. ಅದಕ್ಕೆ ಒಂದರ ಮೇಲೊಂದು ಮೂರು ತೂತು, ತೂತಿಗೊಂದು ಬಟ್ಟೆಯ ಬಿರಡೆ. ಒಂದೊಂದೇ ಬಿಚ್ಚಿದರೆ ಹೊಳೆ ಏರುತ್ತದೆ, ಒಂದೊಂದೇ ಮುಚ್ಚಿದರೆ ಇಳಿಯುತ್ತದೆ.

ಎರೆಮಣ್ಣಿನ ಕೆಳಗೆ ಗರಸು ತುಂಬಿ ನೀರು ಬಿಟ್ಟ. ಗರಸು ಮಿಸುಕಲಿಲ್ಲ. ದೊಡ್ಡ ಹೊಳೆ ಹೊತ್ತೊಯ್ಯುವ ಹರಳು ಹರವಿಯ ನೀರಿಗೆ ಬಂಡೆಯಷ್ಟು ಭಾರ. ನಯವಾದ ಉಸುಕು ಹಾಕಿದರೆ ಅದು ಕೆಸರಾಗಿ ಅಂಟಿಕೊಂಡಿತು. ಒಂದು ವಾರ ಹೀಗೇ ಹೋಯಿತು. ಅವನಿಗೆ ಅಳುವುದೊಂದು ಬಾಕಿ.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವನ ಸರದಿ ಬಂತು. ಜೋಳದ ನುಚ್ಚನ್ನು ನೀರಿಗೆ ಹಾಕಿ, ಪಾತ್ರೆಯನ್ನು ಅಲ್ಲಾಡಿಸಿ ಬಗ್ಗಿಸಿದ. ನುಚ್ಚು ನೀರಿನ ಜೊತೆ ಜಾರಿಕೊಂಡು ಹೋಯಿತು, ಕಲ್ಲು ತಳದಲ್ಲಿ ಉಳಿಯಿತು. ಮಠ ಕಟ್ಟಿದ ದಿನದಿಂದ ಎಲ್ಲರೂ ಹೀಗೇ ಕಲ್ಲು ತೆಗೆದಿದ್ದಾರೆ.

ಅಡಿವೆಪ್ಪ ಪಾತ್ರೆ ಹಿಡಿದುಕೊಂಡು ಅಂಗಳಕ್ಕೆ ಓಡಿದ. ಅರ್ಧ ದಾರಿಯಲ್ಲಿ ನಿಂತ. ಅಜ್ಜ ಜಗುಲಿಯ ಮೇಲಿದ್ದರು.

"ಅಜ್ಜಾರ, ಗರಸಿನ ಜಾಗಾದಾಗ ನುಚ್ಚು ಹಾಕಬೇಕಂತೀನ್ರಿ. ಆದ್ರ ಯಾವ ಹೊಳ್ಯಾಗರೆ ನುಚ್ಚು ಇರತೈತೇನ್ರಿ?"

"ನಿನಗ ಗರಸಿನಂಗ ಕಾಣೂದು ಬೇಕೋ, ಗರಸಿನಂಗ ನಡಕೊಳ್ಳೂದು ಬೇಕೋ?"

ಅಂದು ಮಠದವರಿಗೆಲ್ಲ ಊಟಕ್ಕೆ ಬರೀ ಅಂಬಲಿ.

ನುಚ್ಚು ನಡೆದುಕೊಂಡಿತು. ನೀರು ಏರಿದಂತೆ ಎರೆಮಣ್ಣಿನ ಕೆಳಗಿನಿಂದ ಸದ್ದಿಲ್ಲದೆ ಜಾರಿತು. ಮೇಲಿನ ಮಣ್ಣು ಮಾಡಿನ ಹಾಗೆ ಚಾಚಿಕೊಂಡು ನಿಂತಿತು. ಅಡಿವೆಪ್ಪ ಉಸಿರು ಹಿಡಿದು ಬಿರಡೆಗಳನ್ನು ಒಂದೊಂದಾಗಿ ಮುಚ್ಚಿದ. ನೀರು ಇಳಿಯಿತು. ಆಗ ಥಪ್ ಎಂದು ಮಣ್ಣು ಬಿತ್ತು. ಹೋದ ವರ್ಷ ಎಲ್ಲಿ ಬಿದ್ದಿತ್ತೋ ಅಲ್ಲೇ ಬಿತ್ತು.

ಮತ್ತೆ ಕಟ್ಟಿದ. ಅದರ ಹಿಂದಿನ ವರ್ಷದಷ್ಟೇ ನೀರು ಬಿಟ್ಟ. ಬೇಲಿಯಿದ್ದ ಕೆಳತುದಿಯ ಅಂಚು ಕುಸಿದು ಬಿತ್ತು. ಈ ಸಲ ಅವನು ಯಾವ ಜಾಗವನ್ನೂ ಬೇಕೆಂದು ಸಡಿಲ ಮಾಡಿರಲಿಲ್ಲ. ಬಿದ್ದ ನುಚ್ಚನ್ನು ತಿನ್ನಲು ಕೇರಿಯ ಕೋಳಿಗಳು ಮಠಕ್ಕೆ ಬರುವ ರೂಢಿಯಾಯಿತು.

ಅಜ್ಜ ಬಂದು ನೋಡಿದರು. ಗುಂಡವ್ವನೂ ಬಂದಿದ್ದಳು.

"ನಾಕು ವರ್ಷದ ಹಿಂದಿಂದು ಕೇಳು," ಅಂದರು ಅಜ್ಜ.

"ಆವಾಗ ನಾ ಮಠಕ್ಕ ಬಂದಿರಲಿಲ್ರಿ. ಏನಾಗಿತ್ತು ಅಂತ ನನಗ ಗೊತ್ತಿಲ್ಲ."

"ಅದಕ್ಕ ಕೇಳು."

ಆ ವರ್ಷ ನೀರು ಮಠದ ಎಷ್ಟನೆಯ ಮೆಟ್ಟಿಲಿಗೆ ಬಂದಿತ್ತು, ಎಷ್ಟು ದಿನ ನಿಂತಿತ್ತು ಎಂಬುದನ್ನು ಅಜ್ಜ ಹೇಳಿದರು. ಆಗ ದಂಡೆಯ ಅಂಚು ಎಲ್ಲಿತ್ತೆಂದು ಕೋಲಿನಿಂದ ಗೆರೆ ಎಳೆದರು. ಅದಕ್ಕಿಂತ ಹೆಚ್ಚು ಒಂದು ಮಾತೂ ಇಲ್ಲ.

ಅಡಿವೆಪ್ಪ ಗೆರೆಯಂತೆ ದಂಡೆ ಕಟ್ಟಿದ. ನೀರು ಏರಿಸಿದ, ನಿಲ್ಲಿಸಿದ, ಇಳಿಸಿದ. ಕೇರಿಯ ಹತ್ತಿರ ಏನೂ ಆಗಲಿಲ್ಲ. ಬಹಳ ಮೇಲ್ಗಡೆ, ಬೋಳು ದಿನ್ನೆಯ ಬುಡದಲ್ಲಿ, ಮಣ್ಣಿನ ದೊಡ್ಡ ಹೆಂಟೆಯೊಂದು ಕಳಚಿ ನೀರಿಗೆ ಬಿತ್ತು.

ಆ ದಿನ್ನೆಯ ಹತ್ತಿರ ಮನೆಯಿಲ್ಲ, ಬೇಲಿಯಿಲ್ಲ. ಅಲ್ಲಿ ಏನಾದರೂ ಬಿದ್ದದ್ದನ್ನು ಅವನು ಯಾರ ಬಾಯಲ್ಲೂ ಕೇಳಿರಲಿಲ್ಲ.

"ತಪ್ಪಾತ್ರಿ ಅಜ್ಜಾರ," ಅಂದ. "ಮತ್ತ ಎಲ್ಲೋ ಕೆಟ್ಟೈತಿ."

ಅಜ್ಜ ಗುಂಡವ್ವನನ್ನು ನೋಡಿದರು.

ಗುಂಡವ್ವ ಬಿದ್ದ ಹೆಂಟೆಯ ಹತ್ತಿರ ಕೂತಿದ್ದಳು. ಬೆರಳಿನಿಂದ ಅದರ ಅಂಚನ್ನು ಮುಟ್ಟುತ್ತಿದ್ದಳು.

"ಅಲ್ಲೇ ನಮ್ಮ ಮಣ್ಣಿನ ಕೊಟ್ಟಗಿ ಇತ್ತು," ಅಂದಳು. "ಅದ ವರ್ಷ ಹ್ವಾತು. ನನ್ನ ಗಂಡ ಕಟ್ಟಿದ್ದು. ತಮ್ಮಾ, ಇದೊಂದು ಮಾತು ನಿನಗ ಹೇಳಬ್ಯಾಡ ಅಂತ ಅಜ್ಜಾರು ನನ್ನ ಕಡೆ ಆಣಿ ಮಾಡ್ಸಿಕೊಂಡಿದ್ರು."

ಅಡಿವೆಪ್ಪ ಅಂಗಳದಲ್ಲೇ ಕೂತುಬಿಟ್ಟ. ತಾನು ಕಾಣದ್ದನ್ನು, ಯಾರೂ ತನಗೆ ಹೇಳದ್ದನ್ನು, ಮಣ್ಣು ನುಚ್ಚು ನೀರು ಸೇರಿ ಹೇಳಿದ್ದವು. ಹೊಗಳಿಕೆಯಲ್ಲಿ ಇಷ್ಟು ದಿನ ಅವನು ಕಂಡಿದ್ದ ಸುಖ ಇದರ ಮುಂದೆ ಏನೂ ಅಲ್ಲ. ಅವನು ನಕ್ಕ, ನಗುತ್ತ ಕಣ್ಣೊರೆಸಿಕೊಂಡ.

ಆದರೆ ಕೇಳಬೇಕಾದ ಪ್ರಶ್ನೆ ಇನ್ನೂ ಉಳಿದಿತ್ತು. ಮಿರಗಕ್ಕೆ ಹತ್ತೇ ದಿನ. ಅನ್ನಿಸುತ್ತದೆ ಎಂದು ಅಜ್ಜ ಎಷ್ಟು ಒತ್ತಿ ಹೇಳಿದ್ದರೂ ಕೇರಿಯ ಗಂಡಸರ ಕಿವಿಗೆ ಬಿದ್ದದ್ದು ಅಜ್ಜ ಹೇಳಿದ್ದಾರೆ ಎಂಬುದಷ್ಟೆ. ಅವರು ಒಡೆದ ಆವಿಗೆಯ ಮುಂದೆ ಆಗಲೇ ಕಲ್ಲು ಗುಡ್ಡೆ ಹಾಕಿದ್ದರು.

ಅಡಿವೆಪ್ಪ ಈ ವರ್ಷದ ದಂಡೆಯನ್ನು ಕಟ್ಟಿದ. ಆವಿಗೆಯ ಮುಂದೆ ಒಡ್ಡು ಇಟ್ಟ. ನೀರು ಏರಿತು, ಒಡ್ಡಿಗೆ ಬಡಿದು ದೂರ ಹೋಯಿತು. ಮೊದಲ ಸಲದ ಹಾಗೇ ಕಂಡಿತು. ಆದರೆ ಈಗ ಅವನಿಗೆ ನೋಡುವುದು ತಿಳಿದಿತ್ತು. ಒಡ್ಡಿನ ಬೆನ್ನಿಗೆ ನೀರು ಸುಳಿಯಾಗಿ ತಿರುಗಿ ಬಂದು ನುಚ್ಚನ್ನು ಎಳೆಯುತ್ತಿತ್ತು. ಬಿರಡೆ ಮುಚ್ಚಿದ. ಥಪ್. ಕೇರಿಯ ಕಡ್ಡಿ ನೀರಿಗೆ ಬಿತ್ತು.

ಮೂರು ಸಲ ಮಾಡಿದ. ಮೂರು ಸಲವೂ ಬಿತ್ತು.

ಒಡ್ಡನ್ನು ಅಲ್ಲಿ ಇಲ್ಲಿ ಇಟ್ಟು ನೋಡಿದ. ಕೊನೆಗೆ ಮೇಲ್ಗಡೆಯ ಬೋಳು ದಿನ್ನೆಯ ಬುಡದಲ್ಲಿ ಇಟ್ಟ. ಕೇರಿಗೂ ಅದಕ್ಕೂ ಸಂಬಂಧವೇ ಇಲ್ಲದಷ್ಟು ದೂರ. ಸೆಳವು ಅಲ್ಲೇ ದಂಡೆ ಬಿಟ್ಟು ನಡುಹೊಳೆ ಸೇರಿತು. ಕೇರಿಯ ಮುಂದೆ ನೀರು ನಿಂತಂತೆ ಸುಮ್ಮನೆ ಹರಿಯಿತು. ಇಳಿಸಿದ. ಕಡ್ಡಿ ನಿಂತಿತ್ತು. ಅದನ್ನೂ ಮೂರು ಸಲ ಮಾಡಿದ.

ಗುರುವಿನ ಮಾತು ತಪ್ಪು.

ನೆತ್ತಿಯ ಮೇಲೆ ಬಿಸಿಲು ಸುಡುತ್ತಿದ್ದರೂ ಅಡಿವೆಪ್ಪ ಅಲ್ಲಿಂದ ಏಳಲಿಲ್ಲ. ಹನ್ನೆರಡು ಹಳ್ಳಿ ನಂಬಿದ ಬಾಯಿ. ತನಗೆ ಅನ್ನ, ಅಕ್ಷರ ಎರಡೂ ಕೊಟ್ಟ ಬಾಯಿ. ಆವಿಗೆಯ ಒಡ್ಡಿನ ಬೆನ್ನಿಗೆ ಒಂದು ಹಿಡಿ ಎರೆಮಣ್ಣು ಮೆತ್ತಿದರೆ ಸುಳಿ ತಡೆಯುತ್ತದೆ, ಕಡ್ಡಿ ನಿಲ್ಲುತ್ತದೆ, ಗುರುವಿನ ಮಾತೂ ನಿಲ್ಲುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಅವನು ಹಿಡಿ ಮಣ್ಣನ್ನು ತೆಗೆದುಕೊಂಡೂ ಬಿಟ್ಟ.

ಬಿಸಿಲಿನಲ್ಲಿ ಜೋಳ ಒಣಹಾಕುತ್ತಿದ್ದ ಗುಂಡವ್ವ ಕಣ್ಣ ಮುಂದೆ ಬಂದಳು. ನಿಜವಾದ ದಂಡೆಗೆ ಆ ಹಿಡಿ ಮಣ್ಣನ್ನು ಮೆತ್ತುವವರು ಯಾರೂ ಇಲ್ಲ.

ಕೈ ತೊಳೆದುಕೊಂಡು ಅಜ್ಜನ ಮುಂದೆ ಹೋಗಿ ನಿಂತ.

"ಅಜ್ಜಾರ, ನಿಮ್ಮ ಮಾತು ನಿಲ್ಲೂದಿಲ್ರಿ."

ಜಗುಲಿಯ ಮೇಲಿದ್ದ ಉಳಿದ ಶಿಷ್ಯರು ಬಾಯಿಪಾಠ ನಿಲ್ಲಿಸಿದರು. ಆ ಮಠದಲ್ಲಿ ಹಾಗೆ ಮಾತಾಡಿದವರಿರಲಿಲ್ಲ.

"ತೋರ್ಸು," ಅಂದರು ಅಜ್ಜ.

ತೋರಿಸಿದ. ಅಜ್ಜ ಇನ್ನೊಮ್ಮೆ ಮಾಡಿಸಿದರು. ಆಮೇಲೆ ತಾವೇ ಬಿರಡೆ ಹಿಡಿದು ಮಾಡಿದರು. ಒಡ್ಡನ್ನು ಉದ್ದ ಮಾಡಿದರು, ಓರೆ ಮಾಡಿದರು, ನಾಲ್ಕು ಬೆರಳು ಈಚೆ ತಂದರು. ತಮ್ಮ ಮಾತನ್ನು ಉಳಿಸಿಕೊಳ್ಳಲು ಏನೇನು ಮಾಡಬಹುದೋ ಎಲ್ಲವನ್ನೂ ನ್ಯಾಯವಾಗಿ ಮಾಡಿದರು. ಕಡ್ಡಿ ಪ್ರತಿ ಸಲವೂ ಬಿತ್ತು. ಹೊತ್ತು ಇಳಿಯುತ್ತ ಬಂತು. ಅಡಿವೆಪ್ಪನಿಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಅಜ್ಜ ಎದ್ದರು. ಮೊಣಕಾಲಿನ ಮಣ್ಣು ಕೊಡವಿದರು. ಮೇಲಿನ ವಸ್ತ್ರವನ್ನು ಸಿಂಬಿ ಸುತ್ತುತ್ತ ಕೇರಿಯ ಕಡೆ ನಡೆದರು.

ಒಡೆದ ಆವಿಗೆಯ ಮುಂದಿದ್ದ ಗುಡ್ಡೆಯಿಂದ ಒಂದು ಕಲ್ಲನ್ನು ಎತ್ತಿ ತಲೆಯ ಮೇಲಿಟ್ಟುಕೊಂಡರು. ಕೇರಿಯ ಗಂಡಸರು ಓಡಿಬಂದರು. ಏನಾಯಿತು, ಯಾರು ಏನಂದರು ಎಂದು ಕೇಳಿದರು.

"ನಾ ಹೇಳಿದ್ದು ತಪ್ಪಾಗೇತಿ," ಅಂದರು ಅಜ್ಜ. "ಬೋಳು ದಿನ್ನಿ ಕಡೆ ನಡೀರಿ."

ಎರಡನೆಯ ಕಲ್ಲನ್ನು ಗುಂಡವ್ವ ಎತ್ತಿಕೊಂಡಳು. ಮೂರನೆಯದನ್ನು ಅಡಿವೆಪ್ಪ. ಆಮೇಲೆ ಲೆಕ್ಕ ಹಿಡಿಯಲಾಗಲಿಲ್ಲ, ಇಡೀ ಕೇರಿ ಕಲ್ಲು ಹೊತ್ತು ಅಜ್ಜನ ಹಿಂದೆ ಸಾಲಾಗಿ ನಡೆಯಿತು. ಎಂಟು ದಿನಕ್ಕೆ ಒಡ್ಡು ಮುಗಿಯಿತು. ಒಂಬತ್ತನೆಯ ದಿನ ಮೋಡ ಕಟ್ಟಿತು.

ಆ ವರ್ಷ ಹೊಳೆ ಬಂದದ್ದು ಹಿಂದೆಂದಿಗಿಂತ ದೊಡ್ಡದಾಗಿ. ಮಠದ ಐದನೆಯ ಮೆಟ್ಟಿಲು ಮುಳುಗಿತು. ಅಡಿವೆಪ್ಪ ಕೇರಿಯವರನ್ನೆಲ್ಲ ಮಠಕ್ಕೆ ಕರೆತಂದ. ನೀರು ಇಳಿದರೂ ಎರಡು ದಿನ ಯಾರೂ ಮನೆಗೆ ಹೋಗಬಾರದೆಂದು ಗಟ್ಟಿಯಾಗಿ ಹೇಳಿದ. ಹೋದ ವರ್ಷ ಹೀಗೊಬ್ಬರು ಹೇಳಿದ್ದರೆ ಜನ ಮೂಗು ಮುರಿಯುತ್ತಿದ್ದರು. ಈಗ ಕೂತರು.

ಐದು ದಿನ ಏರಿತು. ಆರನೆಯ ದಿನ ಬಿಸಿಲು ಬಿತ್ತು, ಹೊಳೆ ಇಳಿಯತೊಡಗಿತು. ಕೇರಿಯವರು ಎತ್ತರದಲ್ಲಿ ನಿಂತು ನೋಡಿದರು. ಮೇಲ್ಗಡೆ ಎಲ್ಲೋ ಥಪ್ ಎಂದಿತು. ಕೆಳಗಡೆ ಎಲ್ಲೋ ಥಪ್ ಎಂದಿತು. ಪ್ರತಿ ಸದ್ದಿಗೂ ಗುಂಡವ್ವ ಕಣ್ಣು ಮುಚ್ಚುತ್ತಿದ್ದಳು.

ಕೇರಿಯ ಮುಂದೆ ಸದ್ದಾಗಲಿಲ್ಲ. ಆ ದಿನವೂ ಆಗಲಿಲ್ಲ, ಮರುದಿನವೂ ಆಗಲಿಲ್ಲ.

ಎರಡು ದಿನ ಕಳೆದ ಮೇಲೆ ಅಡಿವೆಪ್ಪನೇ ಮೊದಲು ಇಳಿದು ಹೋದ. ದಂಡೆಯ ಅಂಚಿನಿಂದ ಮೊದಲ ಮನೆಯವರೆಗೆ ಹೆಜ್ಜೆ ಹಾಕಿದ. ಏಳು. ಅಂಚಿನ ಕೆಳಗೆ ಬಾಗಿ ನೋಡಿದ. ಅಲ್ಲಿ ಹೊಳೆ ತಿಂದಿರಲಿಲ್ಲ, ಬದಲಿಗೆ ಹೊಸ ಮೆಕ್ಕಲು ತಂದು ಕೂರಿಸಿತ್ತು. ಅವನು ಎರಡೂ ಕೈ ಮೇಲೆತ್ತಿದ.

ಆಗ ಎದ್ದ ಕೇಕೆ ಹೊಳೆಯಾಚೆಗೂ ಕೇಳಿತು. ಹಲಗೆವಾದ್ಯ ಬಡಿದರು. ಗಂಡಸರು ಅಡಿವೆಪ್ಪನನ್ನು ಹೆಗಲ ಮೇಲೆ ಹೊತ್ತು ಕೇರಿಯೆಲ್ಲ ತಿರುಗಿಸಿದರು. ಗುಂಡವ್ವ ಅವನ ಮುಖವನ್ನು ಎರಡು ಕೈಯಲ್ಲಿ ಸವರಿ ಲಟಿಕೆ ಮುರಿದಳು. ಅಡಿವೆಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂವತ್ತು ಮನೆಯ ಒಲೆ ಹೊತ್ತಿಕೊಂಡದ್ದನ್ನು ನೋಡುತ್ತ ಅವನು ತನ್ನ ಜೀವಮಾನದಲ್ಲೇ ಇಷ್ಟು ಸಂತೋಷಪಟ್ಟಿರಲಿಲ್ಲ.

ನಾಲ್ಕು ದಿನದಲ್ಲಿ ಹೊಳೆ ಶಾಂತವಾಯಿತು. ಅಜ್ಜ ದಂಡೆಯ ಮೇಲೆ ನಿಂತಿದ್ದರು. ಅವರ ಕಣ್ಣು ಕೇರಿಯ ಮೇಲಿರಲಿಲ್ಲ.

"ಆಚಿ ದಂಡಿ?" ಅಂದರು.

ಅಡಿವೆಪ್ಪ ಹರಗೋಲಿನ ಹಗ್ಗ ಬಿಚ್ಚುತ್ತಿದ್ದ. ತಲೆಯೆತ್ತಿದ.

"ಒಡ್ಡು ತಳ್ಳಿದ ನೀರು ಅಲ್ಲಿ ಬಂಡೆಗೆ ಬಡೀತೈತ್ರಿ, ಯಾರ ಹೊಲಾನೂ ತಿನ್ನೂದಿಲ್ಲ. ಒಡ್ಡು ಹಾಕೂ ಮೊದಲ ಅದನ್ನೂ ಕೇಳೀನ್ರಿ, ಅಂಗಳದ ಹೊಳಿ ಹಂಗ ಅಂದೈತಿ."

"ಅಂದೈತಿ," ಅಂದರು ಅಜ್ಜ.

"ಹೌದ್ರಿ, ಅಂದೈತಿ ಅಷ್ಟ. ಅದಕ್ಕ ನೋಡಿ ಬರಾಕ ಹೊಂಟೀನ್ರಿ."

ಅಜ್ಜ ಅವನ ಕಡೆ ತಿರುಗಿದರು. ಅವರ ಮುಖ ಅಷ್ಟು ಅರಳಿದ್ದನ್ನು ಅಡಿವೆಪ್ಪ ಕಂಡಿರಲಿಲ್ಲ. ಅವರು ಧೋತರ ಎತ್ತಿಕಟ್ಟಿ, ನೀರಿಗಿಳಿದು, ಹರಗೋಲನ್ನು ಹತ್ತಿದರು. ಅಡಿವೆಪ್ಪ ಹುಟ್ಟಿಗೆ ಕೈ ಚಾಚಿದ. ಅದು ಆಗಲೇ ಅಜ್ಜನ ಕೈಯಲ್ಲಿತ್ತು.

"ನೀ ದಂಡಿ ನೋಡು," ಅಂದರು ಮುಪ್ಪಯ್ಯಜ್ಜ. "ಹುಟ್ಟು ನಾ ಹಾಕ್ತೀನಿ."